ಹಗೇವಿನ ಜೋಳ

ಮಾನ್ವಿ ತಾಲ್ಲೂಕಿನ ನಮ್ಮೂರಲ್ಲಿ ಜೋಳ ನೆಲದೊಳಗಿರುತ್ತಿತ್ತು. ಅಗಸಿ ಮುಂದಿನ ಬಯಲಲ್ಲಿ ಸಾಲು ಹಗೇವು. ಬಾಯಿ ಒಬ್ಬಾಳು ಇಳಿಯುವಷ್ಟು, ಹೊಟ್ಟೆ ಮಾತ್ರ ಅಗಲ. ಸುತ್ತ ದಂಟು, ಹುಲ್ಲು ಒತ್ತಿ, ಕಾಳು ಸುರಿದು, ಬಾಯಿಗೆ ಬಂಡೆಯಿಟ್ಟು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಮುಟ್ಟುತ್ತಿರಲಿಲ್ಲ. ಗಾಳಿಯಿಲ್ಲದಲ್ಲಿ ಹುಳಕ್ಕೆ ಉಸಿರಿಲ್ಲ. ಮನುಷ್ಯನಿಗೂ ಇಲ್ಲ. ಅದಕ್ಕೇ ಹಗೇವು ತೆಗೆದ ದಿನ ಯಾರನ್ನೂ ಇಳಿಸುತ್ತಿರಲಿಲ್ಲ. ಮರುದಿನ ಹಗ್ಗಕ್ಕೆ ಕಂದೀಲು ಕಟ್ಟಿ ಬಿಡುವರು. ಆರಿದರೆ "ಇನ್ನೂ ಝಳ ಅದ, ತಡಿ ತಮ್ಮಾ" ಎನ್ನುತ್ತಿದ್ದ ನಮ್ಮಜ್ಜ.

ಅಜ್ಜನದು ನಿಜಾಮರ ಕಾಲ. 1948ರ ಸೆಪ್ಟೆಂಬರ್‌ವರೆಗೆ ರಾಯಚೂರು ಹೈದರಾಬಾದ್ ಸಂಸ್ಥಾನದ್ದು. ಊರಿಗೆ ಮಾಲಿಪಾಟೀಲ, ಪೊಲೀಸ್ ಪಾಟೀಲ, ಲೆಕ್ಕಕ್ಕೆ ಪಟವಾರಿ, ಮೇಲಿನ ಕಚೇರಿಯ ಕಾಗದವೆಲ್ಲ ಉರ್ದು. ಮಳೆ ಕೈಕೊಟ್ಟ ವರ್ಷ ದೊಡ್ಡ ಹಗೇವಿದ್ದವರ ಮನೆಗೇ ಹೋಗಿ ಬಡ್ಡಿಗೆ ಕಾಳು ತರಬೇಕು. ಊರಿನ ಜೀವ ಉಳಿಸಿದ ಗುಂಡಿಯೇ ಊರನ್ನು ಸಾಲಕ್ಕೂ ಕೆಡವುತ್ತಿತ್ತು. ಹಳೆಯದನ್ನು ಹೊಗಳುವವರು ಇದನ್ನು ಹೇಳುವುದಿಲ್ಲ.

1953ರಲ್ಲಿ ತುಂಗಭದ್ರಾ ಜಲಾಶಯದಿಂದ ಕಾಲುವೆಗೆ ನೀರು ಬಿಟ್ಟರು. ಎಡದಂಡೆ ಕಾಲುವೆ ಸಿಂಧನೂರು ದಾಟಿ ಮಾನ್ವಿ ಸೀಮೆಗೆ ಬಂದ ಮೇಲೆ ಆಂಧ್ರದ ರೈತರು ಕ್ಯಾಂಪು ಹಾಕಿ ಭತ್ತ ಬೆಳೆದರು. ನೆಲದಡಿ ತೇವವೇರಿ ನಮ್ಮ ಹಗೇವಿನ ಕಾಳು ಮುಗ್ಗಿತು. ಭತ್ತಕ್ಕೆ ಹಗೇವೇ ಬೇಡ, ಕಣದಿಂದ ನೇರ ರಾಯಚೂರಿನ ಗಿರಣಿಗೆ.

ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗಕ್ಕೆ ಬಂದದ್ದು ಬಹಳ ತಡವಾಗಿ. ಅಲ್ಲಿದ್ದ ನಮ್ಮ ಸೋದರತ್ತೆ ಅಷ್ಟು ದಿನವೂ ಹಗೇವಿನ ಜೋಳದ್ದೇ ರೊಟ್ಟಿ ಬಡಿದಳು. ಬಿತ್ತನೆ ಬೀಜವನ್ನು ಮಾತ್ರ ಅದರಲ್ಲಿ ಹಾಕುತ್ತಿರಲಿಲ್ಲ; ಹಗೇವಿನ ಕಾವಿಗೆ ಮೊಳಕೆ ಸಾಯುತ್ತದೆಂದು ಬೂದಿ, ಬೇವಿನೆಲೆ ಬೆರೆಸಿ ಗಡಿಗೆಯಲ್ಲಿಡುತ್ತಿದ್ದಳು.