101 ಡಾಲ್ಮೇಷಿಯನ್ಸ್: ಗೆರೆಯ ನಾಯಿಗಳಿಂದ ನಿಜದ ನಾಯಿಗಳಿಗೆ



ಸಂಘದ ಮಕ್ಕಳ ಚಿತ್ರಪ್ರದರ್ಶನಕ್ಕೆ ಯಾವ ಚಿತ್ರ ಹಾಕೋಣವೆಂದು ಕೇಳಿದರೆ ಮಕ್ಕಳಿಂದ ಬರುವ ಉತ್ತರ ಒಂದೇ: ನಾಯಿಯ ಚಿತ್ರ. ಆ ಪೈಕಿ ಬಹಳ ಹೆಸರಾದ '101 ಡಾಲ್ಮೇಷಿಯನ್ಸ್' ಕುರಿತು ಕೆಲವು ವಿವರಗಳನ್ನು ಇಲ್ಲಿ ಕೊಡುತ್ತಿದ್ದೇವೆ. ಕೊನೆಯ ಭಾಗವನ್ನು ಪೋಷಕರು ತಪ್ಪದೆ ಓದಬೇಕಾಗಿ ವಿನಂತಿ.

ಮೂಲ ಕಥೆ

ಇಂಗ್ಲೆಂಡಿನ ಲೇಖಕಿ ಡೋಡಿ ಸ್ಮಿತ್ ಅವರ ಮಕ್ಕಳ ಕಾದಂಬರಿ 1956ರಲ್ಲಿ ಪ್ರಕಟವಾಯಿತು. ಅವರು ಸ್ವತಃ ಡಾಲ್ಮೇಷಿಯನ್ ಸಾಕಿದ್ದರು. ಅವರ ನಾಯಿಯ ಹೆಸರೂ ಪೊಂಗೊ. ತುಪ್ಪಳದ ಕೋಟಿನ ಹುಚ್ಚಿನ ಕ್ರುಯೆಲಾ ಡಿ ವಿಲ್ ಎಂಬಾಕೆ ಚುಕ್ಕೆ ಮರಿಗಳನ್ನು ಕದಿಸುತ್ತಾಳೆ; ತಂದೆತಾಯಿ ನಾಯಿಗಳು ಹುಡುಕಿಕೊಂಡು ಹೊರಡುತ್ತವೆ. ಸಿನಿಮಾದ ಲೆಕ್ಕ ಹೀಗಿದೆ: ಸ್ವಂತ ಮರಿಗಳು 15, ಅಲ್ಲಿ ಸಿಕ್ಕ ಬೇರೆ ಮರಿಗಳು 84, ತಂದೆತಾಯಿ 2, ಒಟ್ಟು 101.

1961ರ ಅನಿಮೇಷನ್ ಚಿತ್ರ

ಅದುವರೆಗೆ ಡಿಸ್ನಿ ಸ್ಟುಡಿಯೊದಲ್ಲಿ ಕಲಾವಿದರ ಪೆನ್ಸಿಲ್ ಗೆರೆಗಳನ್ನು ಪಾರದರ್ಶಕ ಹಾಳೆಯ ಮೇಲೆ ಕೈಯಿಂದಲೇ ಶಾಯಿಯಲ್ಲಿ ತಿದ್ದಬೇಕಿತ್ತು. ಈ ಚಿತ್ರದಲ್ಲಿ ಗೆರೆಗಳನ್ನು ಜೆರಾಕ್ಸ್ ವಿಧಾನದಿಂದ ನೇರವಾಗಿ ಹಾಳೆಗೆ ಇಳಿಸಿದರು. ಇಷ್ಟೊಂದು ಚುಕ್ಕೆ ನಾಯಿಗಳನ್ನು ತೆರೆಗೆ ತರಲು ಇದರಿಂದ ಬಹಳ ಅನುಕೂಲವಾಯಿತು. ಕಚೇರಿಯಲ್ಲಿ ಕೈಬರಹದ ನಕಲಿನಿಂದ ಜೆರಾಕ್ಸಿಗೆ ಬಂದ ದಿನಗಳನ್ನು ಕಂಡ ನಮ್ಮಂಥವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ!

1996ರ ಚಿತ್ರ

ನಟರು ಮತ್ತು ನಿಜವಾದ ನಾಯಿಗಳನ್ನಿಟ್ಟು ಡಿಸ್ನಿ ಸಂಸ್ಥೆಯೇ ಇದನ್ನು ಮತ್ತೆ ತೆಗೆಯಿತು. ನಿರ್ದೇಶನ ಸ್ಟೀಫನ್ ಹೆರೆಕ್. ಚಿತ್ರಕಥೆ ಜಾನ್ ಹ್ಯೂಸ್. ಕ್ರುಯೆಲಾ ಪಾತ್ರದಲ್ಲಿ ಗ್ಲೆನ್ ಕ್ಲೋಸ್, ಒಡೆಯ ರೋಜರ್ ಆಗಿ ಜೆಫ್ ಡೇನಿಯಲ್ಸ್, ಕಳ್ಳರಲ್ಲಿ ಒಬ್ಬನಾಗಿ ಹ್ಯೂ ಲಾರಿ. ಹಳೆಯ ಚಿತ್ರದಲ್ಲಿ ಹಾಡು ಕಟ್ಟುತ್ತಿದ್ದ ರೋಜರ್ ಇಲ್ಲಿ ವಿಡಿಯೊ ಗೇಮ್ ತಯಾರಿಸುತ್ತಾನೆ.

ದೊಡ್ಡ ವ್ಯತ್ಯಾಸವೆಂದರೆ ಇಲ್ಲಿ ನಾಯಿಗಳು ಮಾತಾಡುವುದಿಲ್ಲ. ಬೊಗಳುವಿಕೆ, ನೋಟ, ಓಟಗಳಲ್ಲೇ ಕಥೆ ಸಾಗುತ್ತದೆ. ಭಾಷೆ ಬಾರದ ಚಿಕ್ಕ ಮಕ್ಕಳೂ ಕಥೆ ಹಿಡಿಯಬಲ್ಲರು. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಎನ್ನುವ ನಮ್ಮ ಗಡಿಯೂರುಗಳ ಮಕ್ಕಳಿಗೆ ಇದು ಒಳ್ಳೆಯದೇ. ಮರಿಗಳು ಬೇಗ ಬೆಳೆದುಬಿಡುವುದರಿಂದ ಚಿತ್ರೀಕರಣಕ್ಕೆ ಇನ್ನೂರಕ್ಕೂ ಹೆಚ್ಚು ಮರಿಗಳು ಬೇಕಾದವು. ಕೆಲವು ದೃಶ್ಯಗಳಿಗೆ ಯಂತ್ರದ ಬೊಂಬೆಗಳನ್ನೂ ಕಂಪ್ಯೂಟರ್ ಚಿತ್ರಗಳನ್ನೂ ಬಳಸಿದರು. 2000ದಲ್ಲಿ '102 ಡಾಲ್ಮೇಷಿಯನ್ಸ್', 2021ರಲ್ಲಿ 'ಕ್ರುಯೆಲಾ' ಬಂದವು.

ಪೋಷಕರ ಗಮನಕ್ಕೆ

ಚಿತ್ರ ಮುಗಿದ ಮೇಲೆ ಮಕ್ಕಳು ಚುಕ್ಕೆ ನಾಯಿಮರಿ ಬೇಕೆಂದು ಹಟ ಹಿಡಿಯುವುದು ಸಹಜ. ಅಮೆರಿಕದಲ್ಲಿ 1996ರ ಚಿತ್ರದ ನಂತರ ಹಾಗೆ ಮರಿ ಕೊಂಡ ಹಲವರು, ಸಾಕಲಾರದೆ ಅವನ್ನು ಪ್ರಾಣಿ ಆಶ್ರಯಧಾಮಗಳಿಗೆ ಬಿಟ್ಟು ಬಂದರೆಂದು ಆಗ ವರದಿಗಳಾಗಿದ್ದವು. ಡಾಲ್ಮೇಷಿಯನ್ ಕುದುರೆಗಾಡಿಯ ಜೊತೆಜೊತೆಗೆ ಓಡುತ್ತಿದ್ದ ತಳಿ. ದಿನವೂ ಚೆನ್ನಾಗಿ ಓಡಾಡಿಸಬೇಕು, ಕಟ್ಟಿಹಾಕಿದರೆ ಕೆಡುತ್ತದೆ. ಹುಟ್ಟಿನಿಂದ ಕಿವಿ ಕೇಳಿಸದ ಮರಿಗಳು ಈ ತಳಿಯಲ್ಲಿ ಹೆಚ್ಚು. ಮೂತ್ರದ ಕಲ್ಲಿನ ತೊಂದರೆಯೂ ಉಂಟು. ಹುಟ್ಟುವಾಗ ಮರಿ ಬರೀ ಬಿಳಿ, ಚುಕ್ಕೆ ಮೂಡುವುದು ಆಮೇಲೆ.

ನಮ್ಮ ದೇಶದಲ್ಲಿ 2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಇದು ಕೇಂದ್ರದ ನಿಯಮವಾದ್ದರಿಂದ ಗಡಿಯ ಆಚೆಗೂ ಈಚೆಗೂ ಒಂದೇ. ಮುಂಗಡ ಕೊಡುವ ಮೊದಲು ನೋಂದಣಿ ಪತ್ರ ಕೇಳಿ ನೋಡಿರಿ.

ಲಾಭಕ್ಕಾಗಿ ಮರಿ ಮಾಡಿಸುವವರ ಕ್ರೌರ್ಯವನ್ನು ಕನ್ನಡದಲ್ಲೇ ಕಾಣಬೇಕೆಂದರೆ 2022ರ '777 ಚಾರ್ಲಿ' ಇದೆ. ಅದರ ನಿರ್ದೇಶಕ ಕಿರಣ್‌ರಾಜ್ ನಮ್ಮ ಕಾಸರಗೋಡಿನವರೇ ಎಂಬುದು ನಮಗೆ ಹೆಮ್ಮೆ. ಎರಡನ್ನೂ ಮಕ್ಕಳ ಜೊತೆ ಕೂತು ನೋಡಿರಿ. ಆಮೇಲೂ ನಾಯಿ ಬೇಕೇಬೇಕೆಂದರೆ, ನಿಮ್ಮ ಬೀದಿಯಲ್ಲೇ ಮನೆಯಿಲ್ಲದ ಮರಿಯೊಂದು ಇರಬಹುದು. ಅದಕ್ಕೆ ಚುಕ್ಕೆ ಇಲ್ಲದಿದ್ದರೂ ಬಾಲ ಅಲ್ಲಾಡಿಸಲು ಬರುತ್ತದೆ.

— ಕಾರ್ಯದರ್ಶಿ