ರಕ್ತದ ಹನಿಯಲ್ಲಿ ಕಾಂತದ ಸುಳಿವು

ರೋಗಪತ್ತೆಯ ಪ್ರಯೋಗಾಲಯಗಳಲ್ಲಿ ದಶಕಗಳಿಂದ ಬೆಳಕಿನದೇ ಆಳ್ವಿಕೆ. ಹುಡುಕುವ ಅಣುವಿಗೆ ಬಣ್ಣ ಬರಿಸುವ ಅಥವಾ ಹೊಳೆಯುವ ಗುರುತೊಂದನ್ನು ಅಂಟಿಸಿ, ಆ ಬೆಳಕನ್ನು ಅಳೆಯುವುದು ರೂಢಿ. ಆದರೆ ರಕ್ತಕ್ಕೆ ತನ್ನದೇ ಬಣ್ಣವಿದೆ, ಸೀರಮ್ಮಿನ ಪ್ರೋಟೀನುಗಳೂ ಮಿನುಗುತ್ತವೆ. ಕಾಂತದ ಮಟ್ಟಿಗೆ ಮಾತ್ರ ದೇಹದ ದ್ರವಗಳು ಹೆಚ್ಚುಕಡಿಮೆ ಮೌನಿಗಳು. ರಕ್ತದಲ್ಲಿ ಕಬ್ಬಿಣವಿದ್ದರೂ ಅದರ ಕಾಂತಗುಣ ಅತ್ಯಲ್ಪ. ಹಾಗಾಗಿ ಗುರುತು ಕಾಂತಕಣವಾದರೆ, ಸಿಕ್ಕ ಸಂಕೇತ ಬಹುಪಾಲು ಆ ಕಣದ್ದೇ ಎಂದು ನಂಬಬಹುದು.

ಇದಕ್ಕೆ ಬೇಕಾದ ಸಂವೇದಕ ಬಂದದ್ದು ಕಂಪ್ಯೂಟರಿನ ಕಡೆಯಿಂದ. 1988ರಲ್ಲಿ ಫ್ರಾನ್ಸಿನ ಆಲ್ಬರ್ಟ್ ಫರ್ಟ್ ಮತ್ತು ಜರ್ಮನಿಯ ಪೀಟರ್ ಗ್ರುನ್‌ಬರ್ಗ್ ತಂತಮ್ಮ ತಂಡಗಳಲ್ಲಿ ಒಂದೇ ಸಂಗತಿಯನ್ನು ಕಂಡರು: ಅತಿ ತೆಳುವಾದ ಲೋಹದ ಪದರಗಳನ್ನು ಒಂದರ ಮೇಲೊಂದು ಜೋಡಿಸಿದರೆ, ಕಾಂತಕ್ಷೇತ್ರ ಬದಲಾದಾಗ ಅವುಗಳ ವಿದ್ಯುತ್ ರೋಧ ಬಹಳವಾಗಿ ಬದಲಾಗುತ್ತದೆ. ಈ ‘ಜಿಎಂಆರ್’ ಪರಿಣಾಮ ಹತ್ತು ವರ್ಷದೊಳಗೆ ಹಾರ್ಡ್ ಡಿಸ್ಕುಗಳನ್ನು ಓದತೊಡಗಿತು, 2007ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಅದನ್ನು ಜೈವಿಕ ಅಣುಗಳತ್ತ ತಿರುಗಿಸಿದ್ದು ಅಮೆರಿಕದ ನೌಕಾಪಡೆಯ ಸಂಶೋಧನಾಲಯ. ಜೈವಿಕ ಅಸ್ತ್ರಗಳನ್ನು ಪತ್ತೆಹಚ್ಚುವ ಯೋಚನೆಯಿಂದ ಹೊರಟ ಡೇವಿಡ್ ಬೇಸೆಲ್ಟ್ ಮತ್ತು ಸಂಗಡಿಗರು 1998ರಲ್ಲಿ ‘ಬಾರ್ಕ್’ ಎಂಬ ಉಪಕರಣವನ್ನು ಪ್ರಕಟಿಸಿದರು. ಸಂವೇದಕದ ಮೇಲೆ ಪ್ರತಿಕಾಯ ಅಥವಾ ಡಿಎನ್‌ಎ ಎಳೆ ಕಾದಿರುತ್ತದೆ. ಬೇಕಾದ ಅಣು ಬಂದು ಅದಕ್ಕೆ ಕೂಡಿಕೊಳ್ಳುತ್ತದೆ, ಕಾಂತಕಣವೊಂದು ಆ ಅಣುವನ್ನು ಹಿಡಿಯುತ್ತದೆ, ಕೆಳಗಿನ ರೋಧ ಬದಲಾಗುತ್ತದೆ. ಲಿಸ್ಬನ್ನಿನಲ್ಲಿ ಪೌಲೊ ಫ್ರೈಟಾಸ್ ತಂಡ ಸಂವೇದಕವಿರುವ ಚಿಪ್ಪಿನ ಮೇಲೆಯೇ ವಿದ್ಯುತ್ ಗೆರೆಗಳನ್ನು ಹಾಸಿ, ಕಣಗಳನ್ನು ಸಂವೇದಕದ ಬಳಿಗೆ ಸೆಳೆದು ಕಾಯುವ ಹೊತ್ತನ್ನು ಇಳಿಸಿತು.

ಮೊದಲ ಕಣಗಳು ದೊಡ್ಡವು, ಅಡ್ಡಗಲ ಸುಮಾರು 2.8 ಮೈಕ್ರೋಮೀಟರ್. ಪ್ರತಿಕಾಯದ ಅಳತೆಯಾದರೋ ಹತ್ತು ನ್ಯಾನೋಮೀಟರಿನ ಆಸುಪಾಸು. ಇಂಥ ಒಂದು ಕಣ ಎಷ್ಟೋ ಅಣುಗಳ ಜಾಗವನ್ನು ಮುಚ್ಚಿಬಿಡುತ್ತದೆ, ಎಣಿಕೆ ಕೆಡುತ್ತದೆ. ಕಣವನ್ನು 50 ನ್ಯಾನೋಮೀಟರಿಗೆ ಇಳಿಸಿದರೆ ಅದರ ಕಾಂತಕ್ಷೇತ್ರ ತೀರಾ ಸಣ್ಣದಾಗುತ್ತದೆ. ಆ ಕ್ಷೇತ್ರವೂ ದೂರದ ಘನದ ಪ್ರಮಾಣದಲ್ಲಿ ಕುಸಿಯುತ್ತದೆ: ಅಂತರ ಎರಡು ಪಟ್ಟಾದರೆ ಬಲ ಎಂಟನೆಯ ಒಂದು ಪಾಲು. ಇತ್ತ ಉಪ್ಪುನೀರಿನಂಥ ದ್ರವ ಲೋಹವನ್ನು ತಿನ್ನದಂತೆ ಚಿಪ್ಪಿಗೆ ಒಂದು ಹೊದಿಕೆ ಬೇಕೇ ಬೇಕು. ಹೊದಿಕೆ ದಪ್ಪವಾದರೆ ಸಂಕೇತ ಸಾಯುತ್ತದೆ, ತೆಳುವಾದರೆ ಚಿಪ್ಪೇ ಸಾಯುತ್ತದೆ. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ನಿಜವಾದ ಚರಿತ್ರೆ ಹೊದಿಕೆಯ ಈ ಹತ್ತಾರು ನ್ಯಾನೋಮೀಟರುಗಳ ಹೋರಾಟ.

ಅದನ್ನು ಗೆದ್ದು ತೋರಿಸಿದ್ದು ಸ್ಟ್ಯಾನ್‌ಫರ್ಡಿನ ಶಾನ್ ವಾಂಗ್ ತಂಡ. ತೆಳು ಹೊದಿಕೆ ಮತ್ತು ನ್ಯಾನೋಕಣಗಳಿಂದ ಅವರು 2008ರಲ್ಲಿ ಒಂದೇ ಚಿಪ್ಪಿನಲ್ಲಿ ಹಲವು ಪ್ರೋಟೀನುಗಳನ್ನು ಅಳೆದರು. ಮರುವರ್ಷ ಸೀರಮ್, ಮೂತ್ರ, ಜೊಲ್ಲು, ಯಾವುದರಲ್ಲಿ ಬೆರೆಸಿದರೂ ಫಲಿತಾಂಶ ಹೆಚ್ಚು ಕದಲದೆಂದು ತೋರಿಸಿದರು. ಕಾಂತದ ಕುರಿತ ಮೊದಲ ನಂಬಿಕೆ ಅಲ್ಲಿ ಕೈಗೆ ಸಿಕ್ಕಿತು.

ಇನ್ನೂ ಸೂಕ್ಷ್ಮವಾದ ಸಂವೇದಕದ ದಾರಿಯಲ್ಲಿ ಕನ್ನಡನಾಡಿನ ಹೆಸರೊಂದಿದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿದ ಜಗದೀಶ್ ಮೂಡೇರ 1995ರಲ್ಲಿ ಎಂಐಟಿಯಲ್ಲಿ, ಎರಡು ಕಾಂತಲೋಹಗಳ ನಡುವೆ ವಿದ್ಯುತ್ ನಿರೋಧಕ ಪದರವಿಟ್ಟು, ಕೋಣೆಯ ಉಷ್ಣತೆಯಲ್ಲೇ ದೊಡ್ಡ ರೋಧ ಬದಲಾವಣೆಯನ್ನು ಸಾಧಿಸಿದರು. ಈ ‘ಟಿಎಂಆರ್’ನ ಸಂಕೇತ ದೊಡ್ಡದು. ಆದರೆ ಸಂಕೇತವನ್ನು ಕಲಕುವ ವಿದ್ಯುತ್ ಸದ್ದೂ ಹೆಚ್ಚು, ಮೇಲೆ ಕೂರುವ ವಿದ್ಯುದ್ವಾರವು ಕಣವನ್ನು ಮತ್ತೆ ದೂರ ತಳ್ಳುತ್ತದೆ.

ಫಿಲಿಪ್ಸ್ ಹಿಡಿದ ದಾರಿ ಹೆಚ್ಚು ಚರ್ಚೆಗೆ ಯೋಗ್ಯ. ಜಿಎಂಆರ್ ಸಂವೇದಕಗಳಿಂದ ಆರಂಭಿಸಿದ ಕಂಪನಿ, ಕೊನೆಗೆ ಕಣಗಳನ್ನು ಬೆಳಕಿನಿಂದಲೇ ಗುರುತಿಸಿತು. ಕಾಂತವನ್ನು ಅವುಗಳನ್ನು ಮೇಲ್ಮೈಗೆ ಎಳೆಯಲು, ಅಂಟದವನ್ನು ಹಿಂದಕ್ಕೆ ಸರಿಸಲು ಉಳಿಸಿಕೊಂಡಿತು. ಹೃದಯಾಘಾತದ ಸುಳಿವು ಕೊಡುವ ಟ್ರೋಪೋನಿನ್ ಪ್ರೋಟೀನನ್ನು ರೋಗಿಯ ಪಕ್ಕದಲ್ಲೇ ಅಳೆಯುವ ಅವರ ‘ಮಿನಿಕೇರ್’ ಬೆಳೆದದ್ದು ಹೀಗೆ. ಸರಿಸುವ ಈ ಕೆಲಸವನ್ನು ನಾನು ಸಂವೇದಕದಷ್ಟೇ ಮುಖ್ಯವೆಂದು ಎಣಿಸುತ್ತೇನೆ. ಚಿಪ್ಪು ಅಂಟಿದ ಕಣವನ್ನಷ್ಟೇ ಬಲ್ಲದು, ಅದು ಸರಿಯಾದ ಅಣುವನ್ನು ಹಿಡಿದು ಅಂಟಿದೆಯೋ ಸುಮ್ಮನೆ ಕುಳಿತಿದೆಯೋ ಅದಕ್ಕೆ ತಿಳಿಯದು. 2006ರಲ್ಲಿ ಬರ್ಕ್ಲಿಯ ಸಂಶೋಧಕರು ಸಾಮಾನ್ಯ ಸಿಲಿಕಾನ್ ಚಿಪ್ಪಿನಲ್ಲಿರುವ, ಕಾಂತಕ್ಷೇತ್ರವನ್ನು ಅಳೆಯುವ ‘ಹಾಲ್’ ಸಂವೇದಕಗಳಿಂದ ಮಾನವ ಸೀರಮ್ಮಿನಲ್ಲಿ ಡೆಂಗಿ ಪ್ರತಿಕಾಯವನ್ನು ಪತ್ತೆಮಾಡಿದಾಗಲೂ, ಹೀಗೆ ಸುಮ್ಮನೆ ಕುಳಿತ ಕಣಗಳನ್ನು ಕಿತ್ತು ತೆಗೆದದ್ದು ಕಾಂತಬಲವೇ.