ಬೆಂಗಳೂರಿನ ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ?

ನಮ್ಮ ಕಾಸರಗೋಡು, ಮಂಜೇಶ್ವರ ಕಡೆಯ ಹೆಚ್ಚಿನ ಮನೆಗಳಲ್ಲಿ ಕಕ್ಕಸಿನ ನೀರು ಹಿತ್ತಿಲಿನ ಹೊಂಡ ಸೇರಿ ಅಲ್ಲೇ ಇಂಗುತ್ತದೆ. ಕೋಟಿಗೂ ಮಿಕ್ಕಿ ಜನರಿರುವ ಬೆಂಗಳೂರಿನಲ್ಲಿ ಅದು ಸಾಧ್ಯವಿಲ್ಲ. ಸುಮಾರು 100 ಕಿ.ಮೀ. ದೂರದಿಂದ ಪಂಪು ಮಾಡಿ ತಂದ ಕಾವೇರಿ ನೀರಿನ ಹೆಚ್ಚಿನ ಪಾಲು ಬಳಕೆಯಾದ ಮೇಲೆ ಕೊಳಚೆಯಾಗಿ ಕೊಳವೆಗೆ ಬೀಳುತ್ತದೆ.

ಬೆಂಗಳೂರು ಇರುವುದು ದಿಣ್ಣೆಯ ಮೇಲೆ. ಪಶ್ಚಿಮದ ನೀರು ವೃಷಭಾವತಿ ಕಣಿವೆಯಿಂದ ಅರ್ಕಾವತಿಗೆ, ಅಲ್ಲಿಂದ ಮತ್ತೆ ಕಾವೇರಿಗೇ ಸೇರುತ್ತದೆ. ಕೋರಮಂಗಲ-ಚಲ್ಲಘಟ್ಟ ಮತ್ತು ಹೆಬ್ಬಾಳ ಕಣಿವೆಗಳ ನೀರು ದಕ್ಷಿಣ ಪಿನಾಕಿನಿ ಸೇರಿ ಗಡಿ ದಾಟುತ್ತದೆ. ಹೊಸೂರು ಕಡೆಯ ಕನ್ನಡಿಗರಿಗೆ ಕೆಲವರಪಳ್ಳಿ ಅಣೆಕಟ್ಟಿನ ನೊರೆಯನ್ನು ನಾವು ವಿವರಿಸಿ ಹೇಳಬೇಕಾಗಿಲ್ಲ. ಈ ಕಣಿವೆಗಳ ತಗ್ಗಿನಲ್ಲೇ ಜಲಮಂಡಳಿಯ ದೊಡ್ಡ ಸಂಸ್ಕರಣಾ ಘಟಕಗಳಿವೆ.

ಕೊಳಚೆಯಲ್ಲಿ ನೂರಕ್ಕೆ 99 ಪಾಲಿಗೂ ಹೆಚ್ಚು ಬರೀ ನೀರು. ಉಳಿದ ಅಲ್ಪ ಪಾಲನ್ನು ತೆಗೆಯುವುದೇ ಘಟಕದ ಕೆಲಸ. ಮೊದಲು ಕಬ್ಬಿಣದ ಸರಳುಗಳ ಜಾಲರಿ ಬಟ್ಟೆ, ಪ್ಲಾಸ್ಟಿಕ್ಕು ತಡೆಯುತ್ತದೆ. ಮುಂದಿನ ತೊಟ್ಟಿಯಲ್ಲಿ ಮರಳು ತಳ ಸೇರುತ್ತದೆ. ಆಮೇಲೆ ದೊಡ್ಡ ತೊಟ್ಟಿಯಲ್ಲಿ ಒಂದೆರಡು ತಾಸು ನೀರನ್ನು ನಿಧಾನಿಸಿದರೆ ಕೆಸರು ಕೆಳಗಿಳಿಯುತ್ತದೆ.

ನಿಜವಾದ ಕೆಲಸ ಇನ್ನು ಮೇಲೆ. ನೀರಿನಲ್ಲಿ ಕರಗಿರುವ ಕೊಳೆಯನ್ನು ಯಾವ ಜಾಲರಿಯೂ ಹಿಡಿಯದು. ಅದನ್ನು ತಿನ್ನುವುದು ಸೂಕ್ಷ್ಮಜೀವಿಗಳು. ಅವು ಬದುಕಲು ಹಗಲೂ ರಾತ್ರಿ ತೊಟ್ಟಿಗೆ ಗಾಳಿ ಊದಬೇಕು. ಘಟಕದ ಕರೆಂಟು ಬಿಲ್ಲಿನ ದೊಡ್ಡ ಪಾಲು ಈ ಗಾಳಿಗೇ. ತಿಂದು ಬೆಳೆದ ಜೀವಿಗಳ ಗಸಿ ಮುಂದಿನ ತೊಟ್ಟಿಯಲ್ಲಿ ತಳ ಸೇರುತ್ತದೆ. ಮೊಸರಿಗೆ ಹೆಪ್ಪು ಉಳಿಸಿಕೊಂಡ ಹಾಗೆ, ಅದರಲ್ಲಿ ಒಂದು ಪಾಲನ್ನು ಮತ್ತೆ ಗಾಳಿ ತೊಟ್ಟಿಗೆ ಬಿಡುತ್ತಾರೆ. ಮಿಕ್ಕ ಗಸಿಯನ್ನು ಗಾಳಿಯಾಡದ ತೊಟ್ಟಿಯಲ್ಲಿ ಕೊಳೆಸಿದರೆ ಗೋಬರ್ ಗ್ಯಾಸಿನಂಥದೇ ಅನಿಲ ಸಿಗುತ್ತದೆ.

ಈ ವಿಧಾನವನ್ನು 1914ರಲ್ಲಿ ಪ್ರಕಟಿಸಿದವರು ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್. ಅವರಿಗೆ ದಾರಿ ತೋರಿಸಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಕೊಳಚೆಯ ಈ ವಿದ್ಯೆ ಬಲ್ಲವರು ಬೆಂಗಳೂರಿನಲ್ಲಿ ಅಷ್ಟು ಹಿಂದೆಯೇ ಇದ್ದರು ಎಂಬುದನ್ನು ಗಮನಿಸಬೇಕು.

ಇಲ್ಲಿಗೆ ಎರಡನೇ ಹಂತ ಮುಗಿಯಿತು. ನೀರು ನೋಡಲು ತಿಳಿಯಾಗಿದ್ದರೂ ಸಾಬೂನು ಪುಡಿಯ ರಂಜಕ, ಸಾರಜನಕ ಸಾಕಷ್ಟು ಉಳಿದಿರುತ್ತವೆ. ಅವನ್ನು ತೆಗೆಯಲು ಮೂರನೇ ಹಂತ ಬೇಕು, ಅದಕ್ಕೆ ಖರ್ಚು ಹೆಚ್ಚು. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಎರಡನೇ ಹಂತದ ನೀರನ್ನೇ ಬರಗಾಲದ ಕೋಲಾರದ ಕೆರೆಗಳಿಗೆ 2018ರಲ್ಲಿ ಹರಿಸತೊಡಗಿದರು. ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಂಡಿತು, ವಿಷಯ ನ್ಯಾಯಾಲಯದ ಮೆಟ್ಟಿಲು ಹತ್ತಿತು, ಆಮೇಲೆ ನೀರು ಮತ್ತೆ ಹರಿಯಿತು. ಬತ್ತಿದ ಕೊಳವೆಬಾವಿಗಳಲ್ಲಿ ನೀರು ಏರಿದ್ದೂ ಹೌದು, ಮೂರನೇ ಹಂತ ಬೇಕೆಂದು ಕೋಲಾರದವರು ಕೇಳುತ್ತಲೇ ಇರುವುದೂ ಹೌದು. ಅವರ ಬೇಡಿಕೆ ನ್ಯಾಯವಾದದ್ದೆಂದೇ ನಮ್ಮ ಅಭಿಪ್ರಾಯ. ಇಂಗಿದ ನೀರು ಕೊನೆಗೆ ಬಾವಿಗೇ ಬರುತ್ತದೆ.

ನಮ್ಮಲ್ಲಿ ಆ ದಾರಿ ಇನ್ನೂ ಹತ್ತಿರ. ಸೆಪ್ಟಿಕ್ ಟ್ಯಾಂಕಿನಲ್ಲಿ ಗಸಿ ತಳ ಸೇರುತ್ತದೆ, ಸ್ವಲ್ಪ ಕೊಳೆಯುತ್ತದೆ, ಅಷ್ಟೇ. ಗಾಳಿ ಊದುವವರು ಯಾರೂ ಇಲ್ಲ. ಉಳಿದದ್ದನ್ನು ಮಣ್ಣು ಸೋಸಬೇಕು. ನಮ್ಮ ಮುರಕಲ್ಲಿನ ತೂತುಗಳಲ್ಲಿ ನೀರು ಸೋಸುವುದಕ್ಕಿಂತ ಬೇಗ ಓಡುತ್ತದೆ, ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಕುಡಿಯುವ ಬಾವಿಗೂ ಕಕ್ಕಸು ಹೊಂಡಕ್ಕೂ ಕನಿಷ್ಠ 7.5 ಮೀಟರ್ ಅಂತರವಿರಬೇಕೆಂದು ಕೇರಳದ ಕಟ್ಟಡ ನಿಯಮ ಹೇಳುತ್ತದೆ. ಐದು ಸೆಂಟ್ಸಿನ ಜಾಗದಲ್ಲಿ ನಮ್ಮ ಬಾವಿ ಮಾತ್ರವಲ್ಲ, ಬೇಲಿಯಾಚೆಯ ಬಾವಿಯನ್ನೂ ಅಳೆಯಬೇಕು. ಮೇಲ್ಗಡೆ ಹೊಂಡವಿದ್ದರೆ ಗುಡ್ಡದ ಬುಡದ ಸುರಂಗದ ನೀರಿಗೂ ಇದೇ ಅಪಾಯ.

ಟ್ಯಾಂಕನ್ನು ಎರಡು-ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು. ಆ ಗಸಿಯನ್ನು ಸಂಸ್ಕರಿಸಲು ಒಳಚರಂಡಿಯೇ ಬೇಕೆಂದಿಲ್ಲ. ಬೆಂಗಳೂರಿನ ಪಕ್ಕದ ದೇವನಹಳ್ಳಿಯಲ್ಲಿ 2015ರಲ್ಲೇ ಇದಕ್ಕೆಂದು ಸಣ್ಣ ಘಟಕ ಕಟ್ಟಿದರು. ಟ್ಯಾಂಕರಿನವರು ಬಂದಾಗ ಹಣ ಕೊಡುವ ಮೊದಲು ಒಂದು ಮಾತು ಕೇಳಿ: ಇದನ್ನು ಎಲ್ಲಿ ಸುರಿಯುತ್ತೀರಿ?